ಬರೆದಿಟ್ಟ ಹಕ್ಕು, ಗಳಿಸಿಕೊಂಡ ಹಕ್ಕು

ಅಮೆರಿಕದ ಸಂವಿಧಾನಕ್ಕೆ 1791ರ ಡಿಸೆಂಬರ್ 15ರಂದು ಹತ್ತು ತಿದ್ದುಪಡಿಗಳು ಸೇರಿದವು. ಪ್ರಜೆಗಳ ಹಕ್ಕುಪತ್ರವೆಂದು ಹೆಸರಾದದ್ದು ಇವೇ. ಮಾತಿನ ಸ್ವಾತಂತ್ರ್ಯವನ್ನಾಗಲಿ ಪತ್ರಿಕೆಗಳ ಸ್ವಾತಂತ್ರ್ಯವನ್ನಾಗಲಿ ಮೊಟಕು ಮಾಡುವ ಕಾನೂನನ್ನು ಕಾಂಗ್ರೆಸ್ ಮಾಡುವಂತಿಲ್ಲ ಎಂದು ಅವುಗಳಲ್ಲಿ ಮೊದಲನೆಯದು ಖಂಡಿತವಾಗಿ ವಿಧಿಸುತ್ತದೆ. ಇದಾಗಿ ಏಳು ವರ್ಷ ತುಂಬುವ ಮೊದಲೇ, 1798ರ ಜುಲೈ 14ರಂದು, ಅದೇ ಕಾಂಗ್ರೆಸ್ ಸರ್ಕಾರವನ್ನು ನಿಂದಿಸಿ ಬರೆದವರನ್ನು ಜೈಲಿಗೆ ಕಳಿಸುವ ಕಾನೂನನ್ನು ಜಾರಿಗೆ ತಂದಿತು. ಅದಕ್ಕೆ ಅಂಕಿತ ಹಾಕಿದ ಅಧ್ಯಕ್ಷ ಜಾನ್ ಆಡಮ್ಸ್ ಸ್ವಾತಂತ್ರ್ಯ ಹೋರಾಟದ ಮುಂದಾಳುಗಳಲ್ಲಿ ಒಬ್ಬರು. ಪರವಾಗಿ ಮತ ಹಾಕಿದವರಲ್ಲಿಯೂ ಅನೇಕರು ಬ್ರಿಟಿಷ್ ದೊರೆತನವನ್ನು ಎದುರಿಸಿ ಬಂದವರೇ. ಹಾಗಾದರೆ ಆ ತಿದ್ದುಪಡಿಯ ಬೆಲೆ ಏನು? ಸಂವಿಧಾನದಲ್ಲಿ ಬರೆದಿಟ್ಟ ಹಕ್ಕು ಜಗಳವನ್ನು ಮುಗಿಸುವುದಿಲ್ಲ, ಜಗಳಕ್ಕೆ ಒಂದು ನೆಲೆ ಒದಗಿಸುತ್ತದೆ. ಅದರ ಅರ್ಥ ನಿಲ್ಲುವುದು ಆಮೇಲೆ ಜನ ನಡೆಸುವ ಹೋರಾಟದಲ್ಲಿ. ಇದು ಇಂದಿನ ನನ್ನ ವಾದ. 1798ರಿಂದ 1801ರವರೆಗಿನ ಮೂರು ವರ್ಷಗಳ ಕಥೆ ಇದನ್ನು ತೋರಿಸಿಕೊಡುತ್ತದೆ.

ಮೊದಲು, 1791ರಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂದರೆ ಜನ ಏನೆಂದು ತಿಳಿದಿದ್ದರು ಎಂಬುದನ್ನು ನೋಡಬೇಕು. ಅಮೆರಿಕದ ವಕೀಲರೆಲ್ಲ ಓದಿ ಬೆಳೆದದ್ದು ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ವಿಲಿಯಂ ಬ್ಲ್ಯಾಕ್‌ಸ್ಟನ್ ಬರೆದ ವ್ಯಾಖ್ಯಾನಗಳನ್ನು. ಅಚ್ಚಾಗುವ ಮುನ್ನ ಯಾರ ಪರವಾನಗಿಯೂ ಬೇಡ, ಅಷ್ಟರ ಮಟ್ಟಿಗೆ ಸ್ವಾತಂತ್ರ್ಯ; ಅಚ್ಚಾದ ಮೇಲೆ ಬರೆದದ್ದರ ಫಲವನ್ನು ಬರೆದವನೇ ಉಣ್ಣಬೇಕು, ಇದು ಬ್ಲ್ಯಾಕ್‌ಸ್ಟನ್ ಮತ. ಸರ್ಕಾರದ ಮೇಲೆ ಜನರಿಗಿರುವ ಗೌರವವನ್ನು ಕುಂದಿಸುವ ಬರಹ ಇಂಗ್ಲಿಷ್ ರೂಢಿಕಾನೂನಿನಲ್ಲಿ ಅಪರಾಧವಾಗಿತ್ತು. ಬರೆದದ್ದು ನಿಜವೆಂದು ತೋರಿಸಿದರೂ ಬಿಡುಗಡೆ ಇರಲಿಲ್ಲ. 1735ರಲ್ಲಿ ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಝೆಂಗರ್ ಅಲ್ಲಿನ ಗವರ್ನರ್ ವಿಲಿಯಂ ಕಾಸ್ಬಿಯನ್ನು ಟೀಕಿಸಿದ ಬರಹಗಳನ್ನು ಅಚ್ಚು ಹಾಕಿದ್ದಕ್ಕಾಗಿ ಕಟಕಟೆ ಹತ್ತಿದಾಗ, ಫಿಲಡೆಲ್ಫಿಯಾದಿಂದ ಬಂದ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್ ನಿಜ ಹೇಳುವುದು ಅಪರಾಧವಾಗದು ಎಂದು ವಾದಿಸಿದರು. ಕಾನೂನು ಆ ವಾದವನ್ನು ಒಪ್ಪುತ್ತಿರಲಿಲ್ಲ. ಆದರೂ ಜ್ಯೂರಿಯವರು ಝೆಂಗರನನ್ನು ಬಿಟ್ಟುಬಿಟ್ಟರು. ಜನರ ಮನಸ್ಸು ಹಿಗ್ಗಿತ್ತು, ಕಾನೂನಿನ ಪುಸ್ತಕ ಮಾತ್ರ ಇದ್ದಲ್ಲೇ ಇತ್ತು. ಮೊದಲನೆಯ ತಿದ್ದುಪಡಿ ಬರೆದವರು ಪುಸ್ತಕದ ಅರ್ಥವನ್ನು ಒಪ್ಪಿದ್ದರೋ ಜನರ ಅರ್ಥವನ್ನು ಒಪ್ಪಿದ್ದರೋ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಹೇಳುವ ಒತ್ತಡವೂ ಆಗ ಬಂದಿರಲಿಲ್ಲ.

ಒತ್ತಡ ಬಂದದ್ದು ರಾಜಕೀಯ ಪಕ್ಷಗಳು ಹುಟ್ಟಿದಾಗ. ಸಂವಿಧಾನ ರಚಿಸಿದವರು ಪಕ್ಷಗಳನ್ನು ರೋಗವೆಂದು ತಿಳಿದಿದ್ದರು. ಆದರೆ ಜಾರ್ಜ್ ವಾಷಿಂಗ್ಟನ್ ಸಂಪುಟದೊಳಗೇ ಎರಡು ಬಣಗಳು ಎದ್ದವು. ಹಣಕಾಸಿನ ಹೊಣೆ ಹೊತ್ತ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬಲವಾದ ಕೇಂದ್ರ ಸರ್ಕಾರ, ರಾಷ್ಟ್ರೀಯ ಬ್ಯಾಂಕು, ಬ್ರಿಟನ್ನಿನ ಜೊತೆ ವ್ಯಾಪಾರ ಬೇಕೆಂದರು. ಅವರ ಬಣ ಫೆಡರಲಿಸ್ಟರದು. ವಿದೇಶಾಂಗ ನೋಡಿಕೊಳ್ಳುತ್ತಿದ್ದ ಥಾಮಸ್ ಜೆಫರ್‌ಸನ್ ಮತ್ತು ಕಾಂಗ್ರೆಸ್ಸಿನಲ್ಲಿದ್ದ ಜೇಮ್ಸ್ ಮ್ಯಾಡಿಸನ್ ಇದಕ್ಕೆ ಎದುರಾಗಿ ರಿಪಬ್ಲಿಕನ್ನರ ಬಣ ಕಟ್ಟಿದರು. 1793ರಲ್ಲಿ ಕ್ರಾಂತಿಕಾರಿ ಫ್ರಾನ್ಸಿಗೂ ಬ್ರಿಟನ್ನಿಗೂ ಯುದ್ಧ ಹತ್ತಿದಾಗ ಒಡಕು ಬೀದಿಗೆ ಬಂತು. ಬ್ರಿಟನ್ನಿನೊಂದಿಗೆ ಜಾನ್ ಜೇ ಮಾಡಿಕೊಂಡ ಒಪ್ಪಂದಕ್ಕೆ ಫ್ರಾನ್ಸ್ ಸಿಟ್ಟಾಗಿ ಅಮೆರಿಕದ ಹಡಗುಗಳನ್ನು ಹಿಡಿಯತೊಡಗಿತು. ಸಂಧಾನಕ್ಕೆ ಪ್ಯಾರಿಸ್ಸಿಗೆ ಹೋದ ರಾಯಭಾರಿಗಳಿಂದ ಫ್ರೆಂಚ್ ಮಂತ್ರಿಯ ದಲ್ಲಾಳಿಗಳು ಲಂಚ ಕೇಳಿದರೆಂಬ ಸುದ್ದಿ 1798ರಲ್ಲಿ ಹೊರಬಿತ್ತು. ದೇಶ ಕೆರಳಿತು. ಯುದ್ಧ ಸಾರದೆಯೇ ಸಮುದ್ರದ ಮೇಲೆ ಕಾದಾಟ ನಡೆಯಿತು. ಆ ಬೇಸಗೆಯಲ್ಲಿ ಫೆಡರಲಿಸ್ಟರ ಬಹುಮತವಿದ್ದ ಕಾಂಗ್ರೆಸ್ ನಾಲ್ಕು ಕಾನೂನುಗಳನ್ನು ಮಾಡಿತು. ಒಂದು, ವಲಸೆ ಬಂದವರು ಪೌರತ್ವಕ್ಕಾಗಿ ಕಾಯಬೇಕಾದ ಅವಧಿಯನ್ನು ಐದು ವರ್ಷದಿಂದ ಹದಿನಾಲ್ಕಕ್ಕೆ ಏರಿಸಿತು. ಎರಡು, ಅಪಾಯಕಾರಿ ಎಂದು ತನಗೆ ತೋರಿದ ಯಾವ ಪರದೇಶಿಯನ್ನಾದರೂ ವಿಚಾರಣೆಯಿಲ್ಲದೆ ಹೊರಹಾಕುವ ಅಧಿಕಾರವನ್ನು ಅಧ್ಯಕ್ಷನಿಗೆ ಕೊಟ್ಟಿತು. ಮೂರನೆಯದು ಶತ್ರುದೇಶದ ಪ್ರಜೆಗಳ ಬಂಧನಕ್ಕೆ ಸಂಬಂಧಿಸಿದ್ದು. ನಾಲ್ಕನೆಯದೇ ಸೆಡಿಷನ್ ಆಕ್ಟ್, ಅಂದರೆ ರಾಜದ್ರೋಹದ ಕಾಯಿದೆ. ಕೆಳಮನೆಯಲ್ಲಿ ಅದು ಗೆದ್ದದ್ದು 44ಕ್ಕೆ 41 ಮತಗಳಿಂದ.

ಕೆಳಮನೆಯಲ್ಲಿ ಇಷ್ಟು ಅಂಚಿನಲ್ಲಿ ಪಾರಾದ ಈ ಕಾಯಿದೆ ಹೇಳಿದ್ದಾದರೂ ಏನು? ಸರ್ಕಾರದ ವಿರುದ್ಧ, ಕಾಂಗ್ರೆಸ್ಸಿನ ಎರಡರಲ್ಲಿ ಯಾವುದೇ ಸದನದ ವಿರುದ್ಧ ಅಥವಾ ಅಧ್ಯಕ್ಷನ ವಿರುದ್ಧ ಸುಳ್ಳಾದ, ಹೀನಾಯವಾದ, ದುರುದ್ದೇಶದ ಬರಹವನ್ನು ಪ್ರಕಟಿಸಿದರೆ ಎರಡು ಸಾವಿರ ಡಾಲರಿನವರೆಗೆ ದಂಡ, ಎರಡು ವರ್ಷದವರೆಗೆ ಸೆರೆ. ಇದನ್ನು ಸಮರ್ಥಿಸಿದವರ ಮಾತನ್ನು ತಳ್ಳಿಹಾಕುವ ಮೊದಲು ಕೇಳಿಸಿಕೊಳ್ಳಬೇಕು. ನಮ್ಮ ಕಾನೂನು ಇಂಗ್ಲೆಂಡಿನದಕ್ಕಿಂತ ಉದಾರವಾದುದು ಎಂದು ಅವರು ಹೇಳಿದರು, ಮತ್ತು ಅದು ಸುಳ್ಳಲ್ಲ. ಬರೆದದ್ದು ನಿಜವೆಂದು ರುಜುವಾತುಪಡಿಸಿದವನಿಗೆ ಬಿಡುಗಡೆಯಿತ್ತು, ದುರುದ್ದೇಶವಿತ್ತೆಂದು ಸರ್ಕಾರ ತೋರಿಸಬೇಕಿತ್ತು, ತೀರ್ಮಾನ ಜ್ಯೂರಿಯದಾಗಿತ್ತು. ಝೆಂಗರನ ವಕೀಲ ಕೇಳಿದ್ದನ್ನು ಅರವತ್ತಮೂರು ವರ್ಷದ ಮೇಲೆ ಕಾನೂನೇ ಕೊಟ್ಟಂತಾಯಿತು. ಯುದ್ಧದ ಹೊಸ್ತಿಲಲ್ಲಿರುವ, ಹುಟ್ಟಿ ಹತ್ತು ವರ್ಷವೂ ತುಂಬದ ಸರ್ಕಾರ ಸುಳ್ಳುಸುದ್ದಿಯಿಂದ ತನ್ನನ್ನು ಕಾಪಾಡಿಕೊಳ್ಳಬಾರದೇ, ಎಂಬ ಪ್ರಶ್ನೆಯೂ ಇತ್ತು. ಆ ಕಾಲದ ಪತ್ರಿಕೆಗಳು ಸಾಧುಗಳೇನೂ ಆಗಿರಲಿಲ್ಲ. ಎರಡೂ ಬಣದ ಪತ್ರಿಕೆಗಳು ಬಾಯಿಗೆ ಬಂದದ್ದನ್ನು ಅಚ್ಚು ಹಾಕುತ್ತಿದ್ದವು. ಹೀಗೆ ನೋಡಿದರೆ ಕಾಯಿದೆ ನ್ಯಾಯವಾದುದೇ ಎಂದು ತೋರುತ್ತದೆ. ಆದರೆ ಅದರ ಇನ್ನೆರಡು ಅಂಶಗಳು ಬೇರೆ ಕಥೆ ಹೇಳುತ್ತವೆ. ಅಧ್ಯಕ್ಷನನ್ನು ನಿಂದಿಸುವುದು ಅಪರಾಧವಾಯಿತು, ಉಪಾಧ್ಯಕ್ಷನನ್ನು ನಿಂದಿಸುವುದು ಆಗಲಿಲ್ಲ. ಆಗ ಉಪಾಧ್ಯಕ್ಷರಾಗಿದ್ದವರು ವಿರೋಧಿ ಬಣದ ಜೆಫರ್‌ಸನ್. ಕಾಯಿದೆಯ ಆಯುಸ್ಸು 1801ರ ಮಾರ್ಚ್ 3ಕ್ಕೆ ಮುಗಿಯಬೇಕೆಂದು ಅದರಲ್ಲೇ ಬರೆದಿತ್ತು. ಅಂದು ಆಡಮ್ಸರ ಅವಧಿಯ ಕೊನೆಯ ದಿನ. ದೇಶದ ರಕ್ಷಣೆಗೆ ಮಾಡಿದ ಕಾನೂನು ಒಬ್ಬ ಅಧ್ಯಕ್ಷನ ಅವಧಿಯೊಂದಿಗೇ ಮುಗಿಯಬೇಕಾದ ಅಗತ್ಯವೇನಿತ್ತು?

ಕಾನೂನಿನ ನಿಜವಾದ ಬಣ್ಣ ಗೊತ್ತಾದದ್ದು ನ್ಯಾಯಾಲಯಗಳಲ್ಲಿ. ಮೊದಲು ಸಿಕ್ಕಿಬಿದ್ದವನು ವರ್ಮಾಂಟಿನಿಂದ ಆರಿಸಿ ಬಂದ ಕಾಂಗ್ರೆಸ್ ಸದಸ್ಯ ಮ್ಯಾಥ್ಯೂ ಲಯನ್. ಐರ್ಲೆಂಡಿನಿಂದ ಜೀತದ ಕರಾರಿನ ಮೇಲೆ ಬಂದು ಮೇಲೇರಿದ ಮನುಷ್ಯ, ಮಾತು ಒರಟು. ಅದೇ ವರ್ಷದ ಆರಂಭದಲ್ಲಿ ಸದನದಲ್ಲೇ ರೋಜರ್ ಗ್ರಿಸ್‌ವೋಲ್ಡ್ ಎಂಬ ಸದಸ್ಯನ ಮುಖಕ್ಕೆ ಉಗುಳಿ ಹೊಡೆದಾಟಕ್ಕೆ ಕಾರಣನಾಗಿದ್ದ. ಅಧ್ಯಕ್ಷರಿಗೆ ಆಡಂಬರದ ಹುಚ್ಚು, ಹೊಗಳಿಕೆಯ ಹಸಿವು, ಸ್ವಾರ್ಥದ ಆಸೆ ಎಂಬರ್ಥದ ಅವನ ಪತ್ರವೊಂದು ಪತ್ರಿಕೆಯಲ್ಲಿ ಬಂದಿತ್ತು. ಅವನು ಅದನ್ನು ಬರೆದದ್ದು ಕಾಯಿದೆ ಬರುವ ಮುನ್ನ, ಅದು ಅಚ್ಚಾದದ್ದು ಬಂದ ಮೇಲೆ. ವಿಚಾರಣೆಯಲ್ಲಿ ತನ್ನ ಪರವಾಗಿ ತಾನೇ ವಾದಿಸಿದ ಲಯನ್, ನ್ಯಾಯಾಧೀಶ ವಿಲಿಯಂ ಪ್ಯಾಟರ್‌ಸನ್ನರನ್ನೇ ಕೇಳಿದ: ನೀವು ಅಧ್ಯಕ್ಷರ ಮನೆಯಲ್ಲಿ ಊಟ ಮಾಡಿದ್ದೀರಿ, ಅಲ್ಲಿನ ಆಡಂಬರವನ್ನು ಕಂಡಿಲ್ಲವೇ? ತಾವು ಕಂಡದ್ದು ಸರಳತೆಯನ್ನೇ ಎಂದು ನ್ಯಾಯಾಧೀಶರು ಉತ್ತರಿಸಿದರು. ಲಯನ್‌ಗೆ ನಾಲ್ಕು ತಿಂಗಳ ಸೆರೆ, ಸಾವಿರ ಡಾಲರ್ ದಂಡ. ಪೆನ್ಸಿಲ್ವೇನಿಯಾದ ಥಾಮಸ್ ಕೂಪರ್‌ಗೆ ಆರು ತಿಂಗಳು. ತನ್ನ ಮಾತು ನಿಜವೆಂದು ತೋರಿಸಲು ಅಧ್ಯಕ್ಷರನ್ನೇ ಸಾಕ್ಷಿಗೆ ಕರೆಸಬೇಕೆಂಬ ಅವನ ಕೋರಿಕೆಯನ್ನು ನ್ಯಾಯಾಧೀಶ ಸ್ಯಾಮ್ಯುಯೆಲ್ ಚೇಸ್ ತಿರಸ್ಕರಿಸಿದರು. ರಿಚ್ಮಂಡಿನಲ್ಲಿ ಜೇಮ್ಸ್ ಕ್ಯಾಲೆಂಡರ್‌ಗೆ ಒಂಬತ್ತು ತಿಂಗಳು, ಇದೂ ಚೇಸ್ ಮುಂದೆಯೇ. ಮ್ಯಾಸಚೂಸೆಟ್ಸಿನ ಡೆಡಮ್ ಊರಿನಲ್ಲಿ ಸರ್ಕಾರವನ್ನು ಹಳಿಯುವ ಬರಹ ತೂಗುಹಾಕಿದ ಕಂಬ ನಿಲ್ಲಿಸಿದ ಪ್ರಕರಣದಲ್ಲಿ ಡೇವಿಡ್ ಬ್ರೌನ್ ಎಂಬ ಅಲೆಮಾರಿ ಕೂಲಿಗೆ ಹದಿನೆಂಟು ತಿಂಗಳು, ಈ ಕಾಯಿದೆಯಡಿ ಬಿದ್ದ ಅತಿ ದೊಡ್ಡ ಶಿಕ್ಷೆ. ನ್ಯೂಜೆರ್ಸಿಯ ನ್ಯೂವಾರ್ಕಿನಲ್ಲಿ ಆಡಮ್ಸರ ಗೌರವಕ್ಕೆ ತೋಪು ಹಾರಿಸಿದಾಗ ಕುಡಿದ ಅಮಲಿನಲ್ಲಿ ಅಧ್ಯಕ್ಷರ ಹಿಂಭಾಗವನ್ನು ಕುರಿತು ಪೋಲಿಮಾತಾಡಿದ ಲೂಥರ್ ಬಾಲ್ಡ್ವಿನ್ ಎಂಬವನೂ ದಂಡ ತೆತ್ತ.

ಈಗ ಸಮರ್ಥಕರ ವಾದಕ್ಕೆ ಉತ್ತರ ಹೇಳಬಹುದು. ನಿಜವೆಂದು ತೋರಿಸಿದರೆ ಬಿಡುಗಡೆ ಎಂಬ ಔದಾರ್ಯ ಸಂಗತಿಗಳಿಗೆ ಹೊಂದುತ್ತದೆ, ಅಭಿಪ್ರಾಯಕ್ಕೆ ಹೊಂದುವುದಿಲ್ಲ. ಒಬ್ಬ ಅಧಿಕಾರಿ ಇಷ್ಟು ಹಣ ತಿಂದ ಎಂದರೆ ಲೆಕ್ಕಪತ್ರ ತೆಗೆದು ನೋಡಬಹುದು. ಅಧ್ಯಕ್ಷನಿಗೆ ಆಡಂಬರದ ಹುಚ್ಚು ಎಂಬುದನ್ನು ಯಾವ ದಾಖಲೆಯಿಂದ ರುಜುವಾತು ಮಾಡುವುದು? ರಾಜಕೀಯ ಟೀಕೆಯಲ್ಲಿ ಮುಕ್ಕಾಲು ಪಾಲು ಇಂಥ ಮಾತೇ. ಲಯನ್ ಕೇಳಿದ ಪ್ರಶ್ನೆ ಕೋರ್ಟಿನಲ್ಲಿ ತಮಾಷೆಯಾಗಿ ಕಂಡಿರಬಹುದು, ಕಾಯಿದೆಯ ಪೊಳ್ಳುತನವನ್ನು ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಿಲ್ಲ. ಇನ್ನು ಜ್ಯೂರಿಯ ರಕ್ಷಣೆ. ಜ್ಯೂರಿಗೆ ಜನರನ್ನು ಕರೆತರುತ್ತಿದ್ದ ಮಾರ್ಷಲ್ ಅಧ್ಯಕ್ಷನೇ ನೇಮಿಸಿದವನು. ಫೆಡರಲ್ ಪೀಠದಲ್ಲಿದ್ದ ನ್ಯಾಯಾಧೀಶರನ್ನು ನೇಮಿಸಿದವರು ವಾಷಿಂಗ್ಟನ್ ಮತ್ತು ಆಡಮ್ಸ್. ಯುದ್ಧದ ಭಯವನ್ನು ಕುರಿತು ಹೇಳುವುದಾದರೆ, ಶಿಕ್ಷೆ ಬಿದ್ದದ್ದು ಫ್ರಾನ್ಸಿಗೆ ಗುಟ್ಟು ಮಾರಿದವರಿಗಲ್ಲ, ಹೆಚ್ಚಾಗಿ ಚುನಾವಣೆಯಲ್ಲಿ ಆಡಮ್ಸರನ್ನು ಸೋಲಿಸಹೊರಟ ಸಂಪಾದಕರಿಗೆ. ಕೂಪರ್, ಕ್ಯಾಲೆಂಡರ್ ಇಬ್ಬರ ವಿಚಾರಣೆಯೂ ನಡೆದದ್ದು 1800ರಲ್ಲಿ, ಚುನಾವಣೆಯ ವರ್ಷದಲ್ಲಿ. ಇದೆಲ್ಲ ಗೊತ್ತಾಗುವುದಕ್ಕೆ ವಿರೋಧಿ ಬಣದವರೇ ಆಗಬೇಕಿರಲಿಲ್ಲ. ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಜಾನ್ ಮಾರ್ಷಲ್ ಫೆಡರಲಿಸ್ಟರಾಗಿದ್ದೂ ಈ ಕಾನೂನುಗಳಿಂದ ಪ್ರಯೋಜನವಿಲ್ಲ, ಅಸಮಾಧಾನವಷ್ಟೇ ಬೆಳೆಯುತ್ತದೆ ಎಂದು ಬಹಿರಂಗವಾಗಿಯೇ ಹೇಳಿದ್ದರು.

ಹಾಗಾದರೆ ತಿದ್ದುಪಡಿಯನ್ನು ಉಳಿಸಿದವರು ಯಾರು? ನ್ಯಾಯಾಲಯವಲ್ಲ. ಈ ಕಾಯಿದೆಯ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬರಲೇ ಇಲ್ಲ. ಅದೇ ಕೋರ್ಟಿನ ನ್ಯಾಯಮೂರ್ತಿಗಳು ಊರೂರು ಸುತ್ತಿ ಶಿಕ್ಷೆ ವಿಧಿಸುತ್ತಿದ್ದರು. ಕಾಂಗ್ರೆಸ್ಸೂ ಅಲ್ಲ. ರಾಜ್ಯಗಳ ಶಾಸನಸಭೆಗಳಲ್ಲಿ ಕೆಂಟಕಿ ಮತ್ತು ವರ್ಜಿನಿಯಾ ಎಂಬ ಎರಡು ಮಾತ್ರ 1798ರ ಕೊನೆಯಲ್ಲಿ ಪ್ರತಿಭಟನೆಯ ನಿರ್ಣಯ ಮಾಡಿದವು. ಮೊದಲನೆಯದರ ಕರಡನ್ನು ಗುಟ್ಟಾಗಿ ಬರೆದವರು ಜೆಫರ್‌ಸನ್, ಎರಡನೆಯದನ್ನು ಮ್ಯಾಡಿಸನ್. ಬೇರೆ ಯಾವ ರಾಜ್ಯವೂ ಅವರ ಜೊತೆ ನಿಲ್ಲಲಿಲ್ಲ, ಹಲವು ಖಂಡಿಸಿದವು. ಈ ಒಂಟಿತನವೇ ಒಳ್ಳೆಯದಾಯಿತು. ಅದು ವಾದವನ್ನು ಆಳಕ್ಕೆ ಇಳಿಸಿತು. ಜಾರ್ಜ್ ಹೇ 1799ರಲ್ಲಿ, ಟ್ಯೂನಿಸ್ ವರ್ಟ್‌ಮನ್ 1800ರಲ್ಲಿ ಪತ್ರಿಕಾ ಸ್ವಾತಂತ್ರ್ಯದ ಮೇಲೆ ಪುಸ್ತಕಗಳನ್ನು ಬರೆದರು. ಮ್ಯಾಡಿಸನ್ 1800ರ ವರದಿಯಲ್ಲಿ ಬ್ಲ್ಯಾಕ್‌ಸ್ಟನ್ ವ್ಯಾಖ್ಯೆಯನ್ನು ನೇರವಾಗಿ ತಿರಸ್ಕರಿಸಿದರು. ಇಂಗ್ಲೆಂಡಿನಲ್ಲಿ ಸಂಸತ್ತು ಸರ್ವಶಕ್ತ, ಅಲ್ಲಿ ಜನ ದೊರೆಯ ಕಡೆಯಿಂದ ಬರುವ ಕಿರುಕುಳಕ್ಕೆ ಮಾತ್ರ ಹೆದರಿದರೆ ಸಾಕು. ಅಮೆರಿಕದಲ್ಲಿ ಜನರೇ ಒಡೆಯರು, ಆರಿಸಿ ಬಂದವರು ಅವರ ಕಾರಭಾರಿಗಳು. ಕಾರಭಾರಿಯ ನಡತೆಯನ್ನು ಕುರಿತು ಒಡೆಯ ಮಾತಾಡಬಾರದು ಎಂದರೆ ಚುನಾವಣೆಗೆ ಅರ್ಥವೇ ಇಲ್ಲ. ಇದು ಅವರ ವಾದದ ಸಾರ. ಹಕ್ಕನ್ನು ಚುನಾವಣೆಗೆ ಹೀಗೆ ಗಂಟು ಹಾಕಿದ್ದು 1791ರ ಬರಹದಲ್ಲಿ ಇಲ್ಲ, 1798ರ ಪೆಟ್ಟಿನಿಂದ ಹುಟ್ಟಿತು. ಬೆಂಜಮಿನ್ ಫ್ರಾಂಕ್ಲಿನ್ ಮೊಮ್ಮಗ, 'ಅರೋರಾ' ಪತ್ರಿಕೆಯ ಸಂಪಾದಕ ಬೆಂಜಮಿನ್ ಬಾಚ್ ವಿಚಾರಣೆಗೆ ಮುನ್ನವೇ ಹಳದಿ ಜ್ವರದಿಂದ ತೀರಿಕೊಂಡಾಗ ವಿಲಿಯಂ ಡ್ಯುಯೇನ್ ಪತ್ರಿಕೆಯನ್ನು ಮುಂದುವರಿಸಿದರು. ವರ್ಮಾಂಟಿನ ಮತದಾರರು ಜೈಲಿನಲ್ಲಿದ್ದ ಲಯನ್‌ನನ್ನು ಮತ್ತೆ ಗೆಲ್ಲಿಸಿದರು. 1800ರ ಚುನಾವಣೆಯಲ್ಲಿ ಆಡಮ್ಸ್ ಸೋತರು. ಜೆಫರ್‌ಸನ್ ಮತ್ತು ಅವರದೇ ಬಣದ ಏರನ್ ಬರ್ ರಾಜ್ಯಗಳ ಚುನಾಯಕರಿಂದ ತಲಾ 73 ಮತ ಪಡೆದು ಸಮನಾದಾಗ, ಕೆಳಮನೆ 1801ರ ಫೆಬ್ರವರಿ 17ರಂದು ಮೂವತ್ತಾರನೆಯ ಸುತ್ತಿನಲ್ಲಿ ಜೆಫರ್‌ಸನ್‌ರನ್ನು ಆರಿಸಿತು. ಆ ಸುತ್ತಿನಲ್ಲಿ ವರ್ಮಾಂಟಿನ ಮತ ಹಾಕಿದವನು ಲಯನ್. ಕಾಯಿದೆ ತನ್ನ ಗಡುವಿಗೆ ಸತ್ತಿತು, ಹೊಸ ಅಧ್ಯಕ್ಷರು ಶಿಕ್ಷೆಯಾದವರನ್ನು ಕ್ಷಮಿಸಿದರು.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ, ಇದು ಹೆಚ್ಚು ಬಲವಾದದ್ದು. ಹಕ್ಕನ್ನು ಗೆದ್ದುಕೊಟ್ಟವರು ಹಕ್ಕಿಗಾಗಿ ಹೋರಾಡಿದರೋ ಅಧಿಕಾರಕ್ಕಾಗಿಯೋ? ಜೆಫರ್‌ಸನ್ ಅಧ್ಯಕ್ಷರಾದ ಮೇಲೆ, 1803ರಲ್ಲಿ, ಪೆನ್ಸಿಲ್ವೇನಿಯಾದ ಗವರ್ನರ್ ಥಾಮಸ್ ಮೆಕೇನ್‌ಗೆ ಬರೆದ ಪತ್ರದಲ್ಲಿ ಆಯ್ದ ಕೆಲವು ಪತ್ರಿಕೆಗಳ ಮೇಲೆ ರಾಜ್ಯದ ಕಾನೂನಿನಂತೆ ಮೊಕದ್ದಮೆ ಹೂಡಿದರೆ ಒಳ್ಳೆಯದೆಂದು ಸೂಚಿಸಿದರು. ಅವರ ಬಣದ ವಾದ ಅರ್ಧಪಾಲು ರಾಜ್ಯಗಳ ಅಧಿಕಾರದ ವಾದವಾಗಿತ್ತು: ಕೇಂದ್ರಕ್ಕೆ ಪತ್ರಿಕೆಗಳ ಮೇಲೆ ಕೈಹಾಕುವ ಹಕ್ಕಿಲ್ಲ, ರಾಜ್ಯಗಳಿಗೆ ಇರಬಹುದು. ಕೆಂಟಕಿಯ ನಿರ್ಣಯಗಳ ಅದೇ ತರ್ಕವನ್ನು 1832ರಲ್ಲಿ ಸೌತ್ ಕೆರೊಲಿನಾ ಕೇಂದ್ರದ ಕಾನೂನನ್ನು ರದ್ದೆಂದು ಸಾರಲು ಬಳಸಿಕೊಂಡಿತು. ಇನ್ನೂ ಬದುಕಿದ್ದ ಮ್ಯಾಡಿಸನ್ ಅದು ತಮ್ಮ ಮಾತಿನ ಅರ್ಥವಲ್ಲವೆಂದು ಪ್ರತಿಭಟಿಸಬೇಕಾಯಿತು. ಜೆಫರ್‌ಸನ್‌ರ ಗೆಲುವಿಗೂ ಒಂದು ಕಳಂಕವಿದೆ. ಪ್ರತಿನಿಧಿಗಳ ಸಂಖ್ಯೆಯನ್ನು ಲೆಕ್ಕ ಹಾಕುವಾಗ ಗುಲಾಮರಲ್ಲಿ ಐವರನ್ನು ಮೂವರೆಂದು ಎಣಿಸಬೇಕೆಂಬ ಸಂವಿಧಾನದ ನಿಯಮ ಅಧ್ಯಕ್ಷನ ಚುನಾವಣೆಯಲ್ಲೂ ದಕ್ಷಿಣದ ರಾಜ್ಯಗಳ ಮತಗಳನ್ನು ಹಿಗ್ಗಿಸಿತ್ತು. ಆ ನಿಯಮ ಇಲ್ಲದಿದ್ದರೆ ಆಡಮ್ಸರೇ ಗೆಲ್ಲುತ್ತಿದ್ದರೆಂದು ಲೆಕ್ಕ ತೋರಿಸುವ ಇತಿಹಾಸಕಾರರಿದ್ದಾರೆ. ಬಾಯಿ ಬಿಡುವ ಹಕ್ಕೇ ಇಲ್ಲದವರ ತಲೆಯೆಣಿಕೆ ಮಾತಿನ ಹಕ್ಕಿನ ಪಕ್ಷವನ್ನು ಗೆಲ್ಲಿಸಿತು.

ಈ ಸಂಗತಿಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಅವುಗಳಿಂದ ಬರುವ ತೀರ್ಮಾನ ಬೇರೆ. ಬಹಿರಂಗದಲ್ಲಿ ಹೂಡಿದ ವಾದ ಹೂಡಿದವನ ಸ್ವತ್ತಾಗಿ ಉಳಿಯುವುದಿಲ್ಲ, ನಾಳೆ ಅವನ ಎದುರಾಳಿಯ ಕೈಗೂ ಸಿಗುತ್ತದೆ. ಹಾಗೆಯೇ ಆಯಿತು. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನಲ್ಲಿ ಹ್ಯಾರಿ ಕ್ರಾಸ್‌ವೆಲ್ ಎಂಬ ಫೆಡರಲಿಸ್ಟ್ ಸಂಪಾದಕ ಜೆಫರ್‌ಸನ್‌ರನ್ನು ನಿಂದಿಸಿದ್ದಕ್ಕಾಗಿ 1803ರಲ್ಲಿ ತಪ್ಪಿತಸ್ಥನೆನಿಸಿದಾಗ, ಮೇಲ್ಮನವಿಯಲ್ಲಿ ಅವನ ಪರ ನಿಂತವರು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಸದುದ್ದೇಶದಿಂದ ಹೇಳಿದ ಸತ್ಯಕ್ಕೆ ಶಿಕ್ಷೆ ಕೂಡದು ಎಂದು ಅವರು 1804ರಲ್ಲಿ ವಾದಿಸಿದರು. ನ್ಯಾಯಾಧೀಶರು ಸಮನಾಗಿ ಹಂಚಿಹೋದದ್ದರಿಂದ ಕ್ರಾಸ್‌ವೆಲ್‌ಗೆ ಜಯ ಸಿಗಲಿಲ್ಲ. ಆದರೆ ಮರುವರ್ಷ ನ್ಯೂಯಾರ್ಕ್ ಶಾಸನಸಭೆ ಆ ತತ್ತ್ವವನ್ನೇ ಕಾನೂನು ಮಾಡಿತು. ಇದಕ್ಕಿಂತ ದೊಡ್ಡ ಪರೀಕ್ಷೆ 1812ರದು. ಆ ವರ್ಷ ಬ್ರಿಟನ್ನಿನೊಂದಿಗೆ ನಿಜವಾದ ಯುದ್ಧವೇ ಬಂತು, ಶತ್ರುಸೇನೆ 1814ರಲ್ಲಿ ರಾಜಧಾನಿಗೆ ನುಗ್ಗಿ ಅಧ್ಯಕ್ಷರ ಮನೆಗೆ ಬೆಂಕಿಯಿಟ್ಟಿತು. ನ್ಯೂ ಇಂಗ್ಲೆಂಡಿನ ಫೆಡರಲಿಸ್ಟರು ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿ ಹಾರ್ಟ್‌ಫರ್ಡಿನಲ್ಲಿ ಸಭೆ ಸೇರಿದರು. ಆಗ ಅಧ್ಯಕ್ಷರಾಗಿದ್ದವರು ಮ್ಯಾಡಿಸನ್. ಅವರು ರಾಜದ್ರೋಹದ ಕಾಯಿದೆ ತರಲಿಲ್ಲ. 1798ರಲ್ಲಿ ಇಲ್ಲದೆ ದೇಶ ಉಳಿಯದು ಎಂದು ಹೇಳಿದ್ದ ಕಾನೂನು 1814ರಲ್ಲಿ ಇಲ್ಲದೆಯೇ ದೇಶ ಉಳಿಯಿತು. 1840ರಲ್ಲಿ ಕಾಂಗ್ರೆಸ್ ಲಯನ್‌ನ ವಾರಸುದಾರರಿಗೆ ದಂಡದ ಹಣವನ್ನು ಬಡ್ಡಿಸಮೇತ ಹಿಂದಿರುಗಿಸಿತು. ಕೊನೆಗೆ 1964ರಲ್ಲಿ, ಅಲಬಾಮಾದ ಅಧಿಕಾರಿಯೊಬ್ಬರು 'ನ್ಯೂಯಾರ್ಕ್ ಟೈಮ್ಸ್' ಮೇಲೆ ಹೂಡಿದ್ದ ಮಾನನಷ್ಟದ ಮೊಕದ್ದಮೆಯ ತೀರ್ಪಿನಲ್ಲಿ, ಆ ಹಳೆಯ ಕಾಯಿದೆಯನ್ನು ಇತಿಹಾಸವೇ ತಳ್ಳಿಹಾಕಿದೆ ಎಂಬ ಮಾತನ್ನು ನ್ಯಾಯಮೂರ್ತಿ ಬ್ರೆನ್ನನ್ ಸುಪ್ರೀಂ ಕೋರ್ಟಿನ ಪರವಾಗಿ ದಾಖಲಿಸಿದರು. ಕೋರ್ಟು ಆ ಮಾತು ಹೇಳುವುದಕ್ಕೆ ನೂರ ಅರವತ್ತಾರು ವರ್ಷ ಹಿಡಿಯಿತು.

ಹಾಗೆಂದು 1801ರಲ್ಲಿ ಎಲ್ಲವೂ ಸರಿಹೋಯಿತು ಎಂದರೆ ನನ್ನ ವಾದವನ್ನು ನಾನೇ ಮುರಿದಂತಾಗುತ್ತದೆ. ಗುಲಾಮಗಿರಿಯ ವಿರುದ್ಧ ಬಂದ ಅರ್ಜಿಗಳನ್ನು ಚರ್ಚೆಗೆ ಎತ್ತಿಕೊಳ್ಳದಂತೆ 1836ರಿಂದ 1844ರವರೆಗೆ ಕೆಳಮನೆ ತನ್ನ ಬಾಯನ್ನು ತಾನೇ ಕಟ್ಟಿಕೊಂಡಿತು. 1837ರಲ್ಲಿ ಇಲಿನಾಯಿ ರಾಜ್ಯದ ಆಲ್ಟನ್‌ನಲ್ಲಿ, ಗುಲಾಮಗಿರಿ ವಿರೋಧಿ ಸಂಪಾದಕ ಇಲೈಜಾ ಲವ್‌ಜಾಯ್ ತನ್ನ ಅಚ್ಚಿನ ಯಂತ್ರವನ್ನು ಕಾಯುತ್ತಿದ್ದಾಗ ದೊಂಬಿಯ ಗುಂಡಿಗೆ ಬಲಿಯಾದ. 1918ರಲ್ಲಿ ಮತ್ತೊಂದು ಸೆಡಿಷನ್ ಆಕ್ಟ್ ಬಂತು. ಯುದ್ಧದ ವಿರುದ್ಧ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್‌ಗೆ ಹತ್ತು ವರ್ಷದ ಶಿಕ್ಷೆಯಾಯಿತು. 1798ರ ನಾಲ್ಕು ಕಾನೂನುಗಳಲ್ಲಿ ಶತ್ರುದೇಶದ ಪ್ರಜೆಗಳನ್ನು ಕುರಿತದ್ದು ಕಾನೂನು ಪುಸ್ತಕದಲ್ಲಿ ಉಳಿದುಬಂದಿತು. ಒಮ್ಮೆ ಗಳಿಸಿದ ಹಕ್ಕು ತಾನಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇವೂ ಸಾಕ್ಷಿಯೇ. ಈ ಕಥೆಗೂ ನಮಗೂ ಒಂದು ನಂಟಿದೆ. ಆಡಮ್ಸ್ ಕಾಲದ ಕಾಯಿದೆಗೆ ತಾಯಿಬೇರಾಗಿದ್ದ ಇಂಗ್ಲಿಷ್ ರೂಢಿಕಾನೂನಿನಿಂದಲೇ 1870ರಲ್ಲಿ ಭಾರತೀಯ ದಂಡಸಂಹಿತೆಗೆ 124ಎ ಕಲಮು ಬಂತು. ಅದರಡಿ ಬಾಲಗಂಗಾಧರ ತಿಲಕರು 1908ರಲ್ಲಿ, ಗಾಂಧೀಜಿ 1922ರಲ್ಲಿ ತಲಾ ಆರು ವರ್ಷದ ಶಿಕ್ಷೆಗೆ ಗುರಿಯಾದರು. ಸಂವಿಧಾನ ನಮ್ಮ ಮಾತನ್ನು ಕಾಯುತ್ತದೆ ಎಂದು ನಂಬುವುದು ತಪ್ಪಲ್ಲ, ಅಷ್ಟನ್ನೇ ನೆಚ್ಚಿ ಸುಮ್ಮನಿರುವುದು ತಪ್ಪು. ಅಮೆರಿಕದಲ್ಲಿ ಅದನ್ನು ಕಾದವರು ದಂಡ ತೆತ್ತ ಮುದ್ರಕರು, ಜೈಲಿನಲ್ಲಿದ್ದವನಿಗೆ ಮತ ಹಾಕಿದ ರೈತರು ಮತ್ತು ಎದುರಾಳಿಗಳ ವಾದವನ್ನೇ ತಮ್ಮದಾಗಿಸಿಕೊಂಡ ವಕೀಲರು. ಇವರಲ್ಲಿ ಕೆಲವರು ಸಜ್ಜನರು, ಕೆಲವರು ಒರಟರು, ಕೆಲವರು ಸ್ವಾರ್ಥಿಗಳು. ಆದುದರಿಂದ, ಕೇಳುಗರೇ, ನಮಗೆ ಒಪ್ಪಿಗೆಯಾಗದ ಮನುಷ್ಯನೊಬ್ಬ ನಮಗೆ ಹಿಡಿಸದ ಮಾತಾಡಿ ಸಿಕ್ಕಿಬಿದ್ದಾಗ, ಅವನು ಎಂಥವನು ಎಂದು ಕೇಳುವುದಕ್ಕೆ ಮೊದಲು ಅವನ ಮೇಲೆ ಹೊರಿಸಿದ ಆರೋಪ ಎಂಥದು ಎಂದು ಕೇಳೋಣ.